ಸಾಲ್ಮನ್‌ಫ್ಲೈ: ನದಿಯ ತಳದಲ್ಲಿ ಕಳೆಯುವ ವರ್ಷಗಳು, ಮತ್ತು ಅದು ಕೆಲವೇ ನದಿಗಳಲ್ಲಿ ಉಳಿದಿರುವ ಕಾರಣ

ಉತ್ತರ ಅಮೆರಿಕದ ಪಶ್ಚಿಮ ಭಾಗದ ಕೆಲವು ನದಿಗಳಲ್ಲಿ ಮೇ-ಜೂನ್ ಬಂತೆಂದರೆ ದಂಡೆಯ ವಿಲೋ ಗಿಡಗಳ ತುಂಬ ಹುಳುಗಳೇ. ಬೆರಳುದ್ದದ ಮೈ, ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿಟ್ಟ ನಾಲ್ಕು ಬೂದು ರೆಕ್ಕೆ, ತಲೆಯ ಹಿಂದೆ ಮತ್ತು ಹೊಟ್ಟೆಯಡಿ ಕಿತ್ತಳೆ ಕೆಂಪು. ಒಂದು ಕೊಂಬೆ ಅಲ್ಲಾಡಿಸಿದರೆ ಹತ್ತಾರು ಉದುರುತ್ತವೆ. ಎರಡು ವಾರ ಬಿಟ್ಟು ಅದೇ ಜಾಗಕ್ಕೆ ಹೋದರೆ ಒಂದೂ ಇರುವುದಿಲ್ಲ.

ಇದು ಸಾಲ್ಮನ್‌ಫ್ಲೈ, ವೈಜ್ಞಾನಿಕ ಹೆಸರು ಟೆರೊನಾರ್ಸಿಸ್ ಕ್ಯಾಲಿಫೋರ್ನಿಕಾ. 1848ರಲ್ಲಿ ಜಾರ್ಜ್ ನ್ಯೂಪೋರ್ಟ್ ಇದನ್ನು ಹೆಸರಿಟ್ಟು ವಿವರಿಸಿದರು. ಇದು ಸ್ಟೋನ್‌ಫ್ಲೈ ಎಂಬ, ಮರಿಯಾಗಿ ನೀರಿನಲ್ಲಿ ಬೆಳೆಯುವ ಕೀಟಗಳ ಗುಂಪಿಗೆ ಸೇರಿದ್ದು. ಜಗತ್ತಿನಲ್ಲಿ 3500ಕ್ಕೂ ಹೆಚ್ಚು ಬಗೆಯ ಸ್ಟೋನ್‌ಫ್ಲೈಗಳಿವೆ. ಗಾತ್ರದಲ್ಲಿ ಇದು ಅವುಗಳ ಮುಂಚೂಣಿಯಲ್ಲಿದೆ. ಟ್ರೌಟ್ ಮೀನು ಹಿಡಿಯುವವರು ಕಾದು ಕೂರುವುದು ಇದರ ಹಾರಾಟಕ್ಕೆ. ಪತ್ರಿಕೆಗಳಲ್ಲಿ ಬರುವುದೂ ಆ ಹಾರಾಟದ ಚಿತ್ರಗಳೇ. ಆದರೆ ಈ ಹುಳುವಿನ ಆಯುಷ್ಯದಲ್ಲಿ ರೆಕ್ಕೆ ಇರುವುದು ಕೊನೆಯ ಕೆಲವು ದಿನ ಅಥವಾ ವಾರ ಮಾತ್ರ. ಉಳಿದ ಮೂರು ವರ್ಷ, ತಣ್ಣನೆಯ ನದಿಯಾದರೆ ನಾಲ್ಕು ವರ್ಷ ಅಥವಾ ಇನ್ನೂ ಹೆಚ್ಚು, ಅದು ನೀರಿನಡಿಯ ಕಲ್ಲುಗಳ ಸಂದಿನಲ್ಲೇ ಇರುತ್ತದೆ. ಯಾವ ನದಿಯಲ್ಲಿ ಇದೆ, ಯಾವುದರಲ್ಲಿ ಇಲ್ಲ, ಯಾವುದರಿಂದ ಮಾಯವಾಯಿತು ಎಂಬುದೆಲ್ಲ ತೀರ್ಮಾನವಾಗುವುದು ಆ ಸಂದಿನಲ್ಲಿ. ಹಾರಾಟವನ್ನಷ್ಟೇ ನೋಡಿ ಈ ಜೀವಿಯ ಸ್ಥಿತಿಗತಿ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ಎಲ್ಲೆಲ್ಲಿ ಇದೆ

ಉತ್ತರದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ. ಅಲ್ಲಿಂದ ಕೆಳಗೆ ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯಾ. ಒಳನಾಡಿನಲ್ಲಿ ಐಡಾಹೋ, ಮೊಂಟಾನಾ, ವಯೋಮಿಂಗ್, ಯೂಟಾ, ಕೊಲರಾಡೋ, ನ್ಯೂ ಮೆಕ್ಸಿಕೋ. ನಕ್ಷೆಯಲ್ಲಿ ಬಣ್ಣ ಬಳಿದರೆ ಖಂಡದ ಪಶ್ಚಿಮ ಭಾಗ ಬಹುಪಾಲು ತುಂಬಿದಂತೆ ಕಾಣುತ್ತದೆ. ವಾಸ್ತವದಲ್ಲಿ ಇದರ ನೆಲೆ ಎಳೆ ಎಳೆಯಾಗಿ, ತುಂಡು ತುಂಡಾಗಿದೆ. ಒರೆಗಾನಿನ ಡೆಶೂಟ್ಸ್, ಐಡಾಹೋದ ಹೆನ್ರೀಸ್ ಫೋರ್ಕ್, ಮೊಂಟಾನಾದ ಮ್ಯಾಡಿಸನ್, ಬಿಗ್ ಹೋಲ್ ಮತ್ತು ರಾಕ್ ಕ್ರೀಕ್, ಕೊಲರಾಡೋದ ಗನಿಸನ್, ಆಲ್ಬರ್ಟಾದ ಕ್ರೋಸ್‌ನೆಸ್ಟ್, ಹೀಗೆ ಹೆಸರು ಹೇಳಬಹುದಾದ ನದಿಗಳು. ಅಂಥ ನದಿಯಲ್ಲೂ ಉದ್ದಕ್ಕೂ ಇರುವುದಿಲ್ಲ. ನೀರು ಕಲ್ಲಿನ ಮೇಲೆ ನೊರೆಯೆದ್ದು ಹರಿಯುವ ಕಡೆ ಹೇರಳ, ಒಂದೇ ಕಿಲೋಮೀಟರ್ ಕೆಳಗೆ ನೀರು ನಿಧಾನವಾದ ಕಡೆ ಸೊನ್ನೆ.

ಇದೇ ಕುಲದ ಬೇರೆ ಹುಳುಗಳೊಂದಿಗೆ ಗೊಂದಲ ಆಗುವುದುಂಟು. ಟೆರೊನಾರ್ಸಿಸ್ ಡೊರ್ಸಾಟಾ ಖಂಡದ ಪೂರ್ವದಲ್ಲೂ ಹರಡಿದೆ. ಟೆರೊನಾರ್ಸಿಸ್ ಪ್ರಿನ್ಸೆಪ್ಸ್ ಪಶ್ಚಿಮದ್ದೇ ಆದರೂ ಎತ್ತರದ ಸಣ್ಣ ತೊರೆಗಳನ್ನು ಆರಿಸಿಕೊಳ್ಳುತ್ತದೆ. ಕ್ಯಾಲಿಫೋರ್ನಿಕಾಗೆ ಬೇಕಾದದ್ದು ಮಧ್ಯಮ ಅಥವಾ ದೊಡ್ಡ ನದಿ, ತಂಪು ನೀರು, ಮುಷ್ಟಿಯಿಂದ ಹಿಡಿದು ತಲೆಯ ಗಾತ್ರದವರೆಗಿನ ಉರುಟುಗಲ್ಲುಗಳ ತಳ. ನದಿವಿಜ್ಞಾನದ ಅಳತೆಯಲ್ಲಿ ಈ ಉರುಟುಗಲ್ಲು ಎಂದರೆ 64ರಿಂದ 256 ಮಿಲಿಮೀಟರ್ ಅಡ್ಡಗಲದ್ದು. ಅದಕ್ಕಿಂತ ಸಣ್ಣ ಜಲ್ಲಿಯಾದರೆ ದೊಡ್ಡ ಮರಿಗೆ ನುಸುಳಲು ಜಾಗವಿಲ್ಲ, ಹಾಸುಬಂಡೆಯಾದರೆ ಸಂದೇ ಇಲ್ಲ.

ಮೊಟ್ಟೆ: ಒಂದಿಡೀ ಚಳಿಗಾಲ ಕಾಯುವುದು

ಹೆಣ್ಣು ನೂರಾರು ಮೊಟ್ಟೆಗಳನ್ನು ಹೊಟ್ಟೆಯ ತುದಿಯಲ್ಲಿ ಕಪ್ಪನೆಯ ಉಂಡೆಯಾಗಿ ಹೊತ್ತು ನದಿಯ ಮೇಲೆ ಹಾರುತ್ತದೆ. ಬೆಚ್ಚಗಿನ, ಹೆಚ್ಚು ಗಾಳಿಯಿಲ್ಲದ ಮಧ್ಯಾಹ್ನ ಅಥವಾ ಸಂಜೆ ಅದಕ್ಕೆ ಪ್ರಶಸ್ತ. ನೀರಿಗೆ ಹೊಟ್ಟೆ ತಾಗಿಸಿದ ಕೂಡಲೇ ಉಂಡೆ ಒಡೆದು ಮೊಟ್ಟೆಗಳು ಬಿಡಿಬಿಡಿಯಾಗಿ ಮುಳುಗುತ್ತವೆ, ಅಂಟಿನ ಹೊದಿಕೆಯಿಂದ ಕಲ್ಲಿಗೆ ಕಚ್ಚಿಕೊಳ್ಳುತ್ತವೆ. ಮಳೆ, ಚಳಿ ಹಿಡಿದ ವಾರದಲ್ಲಿ ಹೆಣ್ಣು ಗಿಡ ಬಿಟ್ಟು ಏಳುವುದೇ ಇಲ್ಲ. ಇದು ಮೊದಲೇ ಹಾರುವುದರಲ್ಲಿ ದುರ್ಬಲ ಹುಳು. ಮೈ ಭಾರ, ರೆಕ್ಕೆಯ ಬಡಿತ ನಿಧಾನ. ಆದ್ದರಿಂದ ಒಂದು ಕಣಿವೆಯಿಂದ ಇನ್ನೊಂದಕ್ಕೆ ಗುಡ್ಡ ದಾಟಿ ಹೋಗಿ ಹೊಸ ನದಿಯಲ್ಲಿ ನೆಲೆಯೂರುವುದು ತೀರ ಅಪರೂಪ. ಮುಂದೆ ಬರುವ ವಿಷಯಕ್ಕೆ ಈ ಸಂಗತಿ ಮುಖ್ಯ.

ತಂಪು ನದಿಗಳಲ್ಲಿ ಬೇಸಗೆಯಲ್ಲಿ ಬಿದ್ದ ಮೊಟ್ಟೆ ಆ ವರ್ಷ ಒಡೆಯುವುದಿಲ್ಲ. ಬೆಳವಣಿಗೆ ನಡುವೆ ನಿಂತು, ಚಳಿಗಾಲ ಕಳೆದು, ಮರುವರ್ಷದ ವಸಂತದಲ್ಲಿ ಮರಿ ಹೊರಬರುತ್ತದೆ. ಅಂದರೆ ಸುಮಾರು ಒಂಬತ್ತು ಹತ್ತು ತಿಂಗಳು ಮೊಟ್ಟೆಯಲ್ಲೇ ಮುಗಿಯಿತು. ಆ ಅವಧಿಯಲ್ಲಿ ಅದರ ಮೇಲೆ ಹೂಳು ಬಿದ್ದರೆ ಹರಿಯುವ ನೀರಿನ ಆಮ್ಲಜನಕ ಮೊಟ್ಟೆಗೆ ತಲುಪುವುದಿಲ್ಲ. ಮೊಟ್ಟೆಗೆ ಜಾಗ ಬದಲಿಸುವ ಉಪಾಯವಿಲ್ಲ.

ಮರಿ: ಎಲೆ ತಿಂದು ಬದುಕುವ ದೈತ್ಯ

ಸ್ಟೋನ್‌ಫ್ಲೈಗಳಿಗೆ ಗೂಡಿನೊಳಗಿನ ಕೋಶಾವಸ್ಥೆ ಇಲ್ಲ. ಮೊಟ್ಟೆ, ಮರಿ, ಪ್ರೌಢ ಕೀಟ, ಅಷ್ಟೇ. ಮರಿ ಹತ್ತಕ್ಕೂ ಹೆಚ್ಚು ಬಾರಿ ಪೊರೆ ಕಳಚಿ, ಕೆಲವೇ ಮಿಲಿಮೀಟರ್‌ನಿಂದ 4-5 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಗುರುತು ಸುಲಭ: ಬಾಲದಲ್ಲಿ ಎರಡು ಎಳೆ, ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು, ಎದೆಯ ಅಡಿಯಲ್ಲಿ ಮತ್ತು ಹೊಟ್ಟೆಯ ಮೊದಲ ಎರಡು ಖಂಡಗಳಲ್ಲಿ ಬಿಳಿಯ ಗೊಂಚಲು ಕಿವಿರು. ಸೋದರ ಕುಲವಾದ ಟೆರೊನಾರ್ಸೆಲ್ಲಾದಲ್ಲಿ ಕಿವಿರು ಹೊಟ್ಟೆಯ ಮೂರನೇ ಖಂಡದಲ್ಲೂ ಇರುತ್ತದೆ. ಎಳೆ ಸಾಲ್ಮನ್‌ಫ್ಲೈ ಮರಿಯೂ ಬಲಿತ ಟೆರೊನಾರ್ಸೆಲ್ಲಾ ಮರಿಯೂ ಒಂದೇ ಗಾತ್ರದಲ್ಲಿ ಸಿಗುವುದರಿಂದ, ಖಂಡ ಎಣಿಸದೆ ಹೆಸರು ಬರೆದರೆ ತಪ್ಪಾಗುವ ಸಂಭವ ಹೆಚ್ಚು. ನೀರಿನಲ್ಲೇ ಬೆಳೆಯುವ ಇನ್ನೊಂದು ಗುಂಪಿನ ಕೀಟವಾದ ಮೇಫ್ಲೈಯ ಮರಿಗಾದರೆ ಸಾಮಾನ್ಯವಾಗಿ ಮೂರು ಬಾಲದೆಳೆ, ಕಾಲಿಗೊಂದೇ ಉಗುರು, ಕಿವಿರು ಹೊಟ್ಟೆಯ ಅಂಚಿನಲ್ಲಿ.

ಗಾತ್ರ ನೋಡಿ ಬೇಟೆಗಾರ ಎಂದುಕೊಳ್ಳಬೇಡಿ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಕಲ್ಲು ಮಗುಚಿದರೆ ಸಿಗುವ ನಿಯೋಪರ್ಲಾ ಕುಲದ ಸ್ಟೋನ್‌ಫ್ಲೈ ಮರಿಗಳು ಬೇರೆ ಹುಳುಗಳನ್ನು ಹಿಡಿದು ತಿನ್ನುತ್ತವೆ. ಸಾಲ್ಮನ್‌ಫ್ಲೈ ಮರಿ ಮುಖ್ಯವಾಗಿ ತಿನ್ನುವುದು ನೀರಿಗೆ ಬಿದ್ದ ವಿಲೋ, ಆಲ್ಡರ್, ಕಾಟನ್‌ವುಡ್ ಎಲೆಗಳನ್ನು. ಪಾಚಿ ಸಿಕ್ಕರೆ ಅದನ್ನೂ ತಿನ್ನುತ್ತದೆ. ಆಗತಾನೇ ಬಿದ್ದ ಎಲೆ ಅದಕ್ಕೆ ರುಚಿಸುವುದಿಲ್ಲ. ಕೆಲವು ವಾರ ನೆನೆದು ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆದು ಎಲೆ ಮೆತ್ತಗಾಗಬೇಕು. ಪೋಷಣೆಯ ದೊಡ್ಡ ಪಾಲು ಬರುವುದು ಆ ಶಿಲೀಂಧ್ರದಿಂದಲೇ. ತಿಂದದ್ದರಲ್ಲಿ ಮೈಗೆ ಹತ್ತುವುದು ಕಡಿಮೆ, ಹಾಗಾಗಿ ತುಂಬ ತಿನ್ನುತ್ತದೆ, ತುಂಬ ಹಿಕ್ಕೆ ಹಾಕುತ್ತದೆ. ಆ ಪುಡಿಯನ್ನು ಕೆಳಗಡೆಯ ಕರಿನೊಣದ ಮರಿಗಳು, ಬಲೆ ನೇಯುವ ಕ್ಯಾಡಿಸ್ ಹುಳುಗಳು ಸೋಸಿ ತಿನ್ನುತ್ತವೆ. ದಂಡೆಯ ಮರ ಕಡಿದು ಹುಲ್ಲುಗಾವಲು ಮಾಡಿದ ಕಡೆ ಈ ಸರಣಿ ಮೊದಲ ಕೊಂಡಿಯಲ್ಲೇ ತುಂಡಾಗುತ್ತದೆ.

ಉಸಿರಾಟದ ವಿಷಯದಲ್ಲಿ ಅಂಕಿ ನೋಡುವುದು ಒಳ್ಳೆಯದು. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ 9.1 ಮಾತ್ರ. ಎತ್ತರದ ಪ್ರದೇಶದಲ್ಲಿ ಇದು ಇನ್ನೂ ಕಡಿಮೆ. ಅದೇ ಹತ್ತು ಡಿಗ್ರಿ ಏರಿಕೆಗೆ ಇಂಥ ಹುಳುವಿನ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಪೂರೈಕೆ ಇಳಿದು ಬೇಡಿಕೆ ಏರಿದಾಗ ಮರಿ ಕಾಲು ಊರಿ ಮೈಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಕಿವಿರಿನ ಸುತ್ತ ನೀರು ಹೊಸದಾಗಲಿ ಎಂದು. ತೊಟ್ಟಿಯಲ್ಲೋ ಬಕೆಟ್ಟಿನಲ್ಲೋ ಇಟ್ಟ ಮರಿ ಈ ದಂಡ ಹೊಡೆಯತೊಡಗಿದರೆ ನೀರು ಬದಲಿಸುವ ಹೊತ್ತು ಮೀರುತ್ತಿದೆ ಎಂದೇ ಅರ್ಥ. ಹರಿಯುವ ನೀರು ಈ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ರಭಸದ ಹರಿವನ್ನು ಈ ಹುಳು ಬಿಟ್ಟಿರದ ಕಾರಣ ಇದೇ.

ಇನ್ನು ಹೂಳು. ಕೊಲರಾಡೋದ ನದಿಗಳಲ್ಲಿ ನಡೆದ ಅಧ್ಯಯನಗಳಲ್ಲಿ ಸಾಲ್ಮನ್‌ಫ್ಲೈ ಸಾಂದ್ರತೆಯ ಜೊತೆ ಗಟ್ಟಿಯಾಗಿ ಹೊಂದಿಕೊಂಡು ಬಂದ ಅಂಶ ಉರುಟುಗಲ್ಲು ಎಷ್ಟು ಆಳ ಹೂಳಿನಲ್ಲಿ ಹೂತಿದೆ ಎಂಬುದು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ ನಿಂತು ಒಂದು ಕಲ್ಲನ್ನು ಎತ್ತಿ. ಸಡಿಲವಾಗಿ ಎದ್ದು ಬಂದು, ಅಡಿಯಲ್ಲಿ ಗೂಡುಗೂಡಾದ ಖಾಲಿ ಜಾಗ ಕಂಡರೆ ಸರಿ. ಸಿಮೆಂಟಿನಲ್ಲಿ ಕೂರಿಸಿದ ಹಾಗೆ ಅಲ್ಲಾಡದೆ ನಿಂತರೆ, ಎತ್ತಿದಾಗ ಕಲ್ಲಿನ ಪಕ್ಕದಲ್ಲಿ ಹೂತಷ್ಟು ಎತ್ತರಕ್ಕೆ ಬಣ್ಣದ ಗೆರೆ ಕಂಡರೆ, ಆ ಸಂದುಗಳು ಮುಚ್ಚಿಹೋಗಿವೆ. ಗೆರೆಯ ಕೆಳಗಿನ ಎತ್ತರವನ್ನು ಕಲ್ಲಿನ ಒಟ್ಟು ಎತ್ತರದಿಂದ ಭಾಗಿಸಿ ಶೇಕಡಾ ಹಾಕಿ, ಹಲವು ಕಲ್ಲುಗಳ ಸರಾಸರಿ ತೆಗೆಯುವುದು ಕ್ರಮ. ಒಂದೇ ಕಲ್ಲು ನೋಡಿ ತೀರ್ಪು ಕೊಡಬಾರದು.

ವಯಸ್ಸು ತಿಳಿಯುವುದು ಹೇಗೆ

ಕಲ್ಲುಗಳ ಕೆಳಹರಿವಿನಲ್ಲಿ ಬಲೆ ಊರಿ, ಒಂದು ನಿಮಿಷ ಕಾಲಿನಿಂದ ತಳ ಕೆದಕಿ, ಬಲೆಗೆ ಬಂದ ಮರಿಗಳನ್ನು ಅಳೆದು ಬಿಡುವುದು ಸಾಮಾನ್ಯ ಪದ್ಧತಿ. ಅಳೆಯಬೇಕಾದದ್ದು ತಲೆಯ ಅಗಲವನ್ನು. ಮೈ ಹಿಗ್ಗುತ್ತದೆ ಕುಗ್ಗುತ್ತದೆ, ಹೆದರಿದಾಗ ಸುರುಳಿ ಸುತ್ತಿಕೊಳ್ಳುತ್ತದೆ. ತಲೆಯ ಗಟ್ಟಿ ಕವಚ ಒಂದು ಪೊರೆಯಿಂದ ಮುಂದಿನ ಪೊರೆಯವರೆಗೆ ಬದಲಾಗದು. ಅಳತೆಗಳನ್ನು ಗ್ರಾಫಿಗೆ ಹಾಕಿದರೆ ಗುಂಪು ಗುಂಪಾಗಿ ನಿಲ್ಲುತ್ತವೆ, ಒಂದೊಂದು ಗುಂಪು ಒಂದೊಂದು ವರ್ಷದ ಪೀಳಿಗೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಬಲೆಯ ಕಣ್ಣು 500 ಮೈಕ್ರೋಮೀಟರ್ ಇದ್ದರೆ ಮೊದಲ ಹಂತದ ಮರಿಗಳು ಜಾರಿಹೋಗುತ್ತವೆ, ಒಂದು ವರ್ಷದ ಪೀಳಿಗೆಯೇ ಇಲ್ಲ ಎಂಬ ಭ್ರಮೆ ಬರುತ್ತದೆ. ಇನ್ನೊಂದು, ಹೆಣ್ಣು ಗಂಡಿಗಿಂತ ದೊಡ್ಡದು. ಕೊನೆಯ ವರ್ಷದ ಒಂದೇ ಪೀಳಿಗೆ ಗ್ರಾಫಿನಲ್ಲಿ ಎರಡು ಶಿಖರವಾಗಿ ಕಾಣುತ್ತದೆ, ಅದನ್ನು ಎರಡು ಪೀಳಿಗೆ ಎಂದು ಓದಿದರೆ ಜೀವನಚಕ್ರಕ್ಕೆ ಇಲ್ಲದ ಒಂದು ವರ್ಷ ಸೇರಿಬಿಡುತ್ತದೆ. ದೊಡ್ಡ ಮರಿಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸಿಯೇ ಗ್ರಾಫ್ ಹಾಕಬೇಕು.

ಒಂದು ಆರೋಗ್ಯವಂತ ನದಿಯಲ್ಲಿ ಯಾವುದೇ ದಿನ ಮೂರು ನಾಲ್ಕು ಪೀಳಿಗೆಗಳು ಒಟ್ಟಿಗೆ ಇರುತ್ತವೆ. ಇದರಿಂದ ಒಂದು ಲಾಭವಿದೆ, ಒಂದು ದೊಡ್ಡ ಅಪಾಯವೂ ಇದೆ. ಒಂದು ವರ್ಷ ಹಾರಾಟದ ವಾರವಿಡೀ ಮಳೆ ಹೊಡೆದು ಮೊಟ್ಟೆ ಇಡುವುದು ಕೆಟ್ಟರೆ ನಷ್ಟವಾಗುವುದು ಒಂದು ಪೀಳಿಗೆ ಮಾತ್ರ. ನೀರಿನಲ್ಲಿ ಇನ್ನೂ ಮೂರು ಇವೆ. ಆದರೆ ನದಿ ಒಂದೇ ಒಂದು ವಾರ ಬತ್ತಿದರೆ, ವಿಷ ಸೇರಿದರೆ, ಹೂಳಿನ ರಾಶಿ ಬಂದು ಬಿದ್ದರೆ, ನಾಲ್ಕೂ ಪೀಳಿಗೆಗಳು ಒಟ್ಟಿಗೆ ಹೋಗುತ್ತವೆ. ವರ್ಷಕ್ಕೆ ಎರಡು ಮೂರು ಪೀಳಿಗೆ ಮಾಡುವ ಸಣ್ಣ ಮೇಫ್ಲೈಗಳು ಬೇಗ ಚೇತರಿಸಿಕೊಂಡು ನದಿ ಮತ್ತೆ ಜೀವಂತವಾಗಿರುವಂತೆ ತೋರುತ್ತದೆ. ಸಾಲ್ಮನ್‌ಫ್ಲೈ ಅಲ್ಲಿ ಇರುವುದಿಲ್ಲ. ಕೀಟಗಳ ಒಟ್ಟು ಸಂಖ್ಯೆಯನ್ನಷ್ಟೇ ಎಣಿಸಿ ನದಿ ಸುಧಾರಿಸಿತು ಎಂದು ವರದಿ ಬರೆಯುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಹೊರಬರುವ ರಾತ್ರಿ

ಕೊನೆಯ ಚಳಿಗಾಲದ ಹೊತ್ತಿಗೆ ಬಲಿತ ಮರಿಗಳ ರೆಕ್ಕೆಮೊಗ್ಗು ಉಬ್ಬಿ ಕಪ್ಪಾಗುತ್ತದೆ. ವಸಂತದಲ್ಲಿ ಅವು ನದಿಯ ನಡುವಿನಿಂದ ದಡದತ್ತ ನಡೆದು ಬಂದು ಅಂಚಿನ ಕಲ್ಲುಗಳಡಿ ದಟ್ಟವಾಗಿ ಸೇರುತ್ತವೆ. ನೀರು ಸುಮಾರು 10ರಿಂದ 13 ಡಿಗ್ರಿ ತಲುಪಿದಾಗ ಹೊರಹೊಮ್ಮುವಿಕೆ ಶುರು. ಹೆಚ್ಚಿನವು ಕತ್ತಲಾದ ಮೇಲೆ ಏರಿ ಬರುತ್ತವೆ: ವಿಲೋ ಕಾಂಡ, ಹುಲ್ಲು, ಬಂಡೆ, ಸೇತುವೆಯ ಕಂಬ, ಕಾಲುಗುರಿಗೆ ಹಿಡಿತ ಸಿಗುವ ಏನಾದರೂ ಆದೀತು. ಉಗುರು ಊರಿ ಮೈ ಬಿಗಿಹಿಡಿದ ಸ್ವಲ್ಪ ಹೊತ್ತಿಗೆ ಬೆನ್ನಿನ ನಡುಗೆರೆ ಸೀಳುತ್ತದೆ. ಮೊದಲು ಎದೆಯ ಬೆನ್ನು ಉಬ್ಬಿ ಹೊರಬರುತ್ತದೆ, ಆಮೇಲೆ ತಲೆ, ಮೀಸೆ, ಕಾಲುಗಳು, ಕೊನೆಗೆ ಹೊಟ್ಟೆ ಮತ್ತು ಬಾಲದೆಳೆ. ಆಗ ಮೈಯೆಲ್ಲ ಮೆತ್ತನೆಯ ಕಿತ್ತಳೆ, ರೆಕ್ಕೆ ಸುಕ್ಕುಸುಕ್ಕು. ದೇಹದ್ರವ ನಾಳಗಳಿಗೆ ನುಗ್ಗಿದಂತೆ ರೆಕ್ಕೆ ಉದ್ದವಾಗುತ್ತದೆ. ಬಣ್ಣ ಕಪ್ಪಾಗಿ ಗಟ್ಟಿಯಾಗಲು ಮತ್ತೆ ಕೆಲವು ಗಂಟೆ ಬೇಕು. ಕಿವಿರಿನ ಕುರುಹು ಪ್ರೌಢ ಕೀಟದ ಎದೆಯಡಿಯಲ್ಲೂ ಉಳಿದಿರುತ್ತದೆ; ಲೆನ್ಸ್ ಹಿಡಿದು ನೋಡಿದರೆ ಕಾಣುತ್ತದೆ.

ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ರೆಕ್ಕೆ ಬಿಡಿಸುವಾಗ ಮತ್ತೊಂದು ಮರಿ ಮೇಲೆ ಹತ್ತಿ ಹೋದರೆ ರೆಕ್ಕೆ ಸೊಟ್ಟಗಾಗಿ ಹಾಗೆಯೇ ಗಟ್ಟಿಯಾಗುತ್ತದೆ. ಒಣಗಾಳಿ ಬೀಸಿದರೆ ಮೈ ಪೊರೆಯಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ವಿದ್ಯುತ್ ಬೇಡಿಕೆಗೆ ತಕ್ಕಂತೆ ಅಣೆಕಟ್ಟಿನ ನೀರನ್ನು ದಿನಕ್ಕೆ ಎರಡು ಬಾರಿ ಏರಿಳಿಸುವ ಕಡೆ, ಅಂಚಿನಲ್ಲಿ ಸೇರಿದ್ದ ಮರಿಗಳು ಒಣಕಲ್ಲಿನ ಮೇಲೆ ಉಳಿದುಬಿಡುತ್ತವೆ.

ಗಂಡುಗಳು ಒಂದೆರಡು ದಿನ ಮೊದಲೇ ಬಂದಿರುತ್ತವೆ. ಗಂಡು ಕೊಂಬೆಯ ಮೇಲೆ ಹೊಟ್ಟೆಯ ತುದಿಯನ್ನು ಬಡಿಯುತ್ತದೆ. ಆ ಕಂಪನ ಕಾಂಡದ ಮೂಲಕ ಹೋಗುತ್ತದೆ, ಕೂಡದ ಹೆಣ್ಣು ಅದಕ್ಕೆ ಬಡಿತದಲ್ಲೇ ಉತ್ತರಿಸುತ್ತದೆ, ಗಂಡು ಹುಡುಕಿಕೊಂಡು ಬರುತ್ತದೆ. ಬಡಿತದ ಲಯ ಪ್ರತಿ ಜಾತಿಗೂ ಬೇರೆ. ಪ್ರೌಢ ಕೀಟಗಳು ತಿನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ದಿನ ದೂಡುತ್ತವೆ.

ಒಂದು ಜಾಗದಲ್ಲಿ ಹೊರಹೊಮ್ಮುವಿಕೆ ಸುಮಾರು ಒಂದು ವಾರ. ಕೆಳಗಿನ ನೀರು ಮೊದಲು ಬೆಚ್ಚಗಾಗುವುದರಿಂದ ಅದು ದಿನಕ್ಕೆ ಕೆಲವು ಕಿಲೋಮೀಟರಿನಂತೆ ನದಿಯ ಮೇಲ್ಭಾಗಕ್ಕೆ ಸರಿಯುತ್ತದೆ. ಡೆಶೂಟ್ಸ್‌ನಲ್ಲಿ ಮೇ ಮಧ್ಯದಿಂದ ಜೂನ್ ಮೊದಲ ಭಾಗ, ಮ್ಯಾಡಿಸನ್‌ನಲ್ಲಿ ಜೂನ್ ಕೊನೆಯಿಂದ ಜುಲೈ ಆರಂಭ. ಪೋರ್ಟ್‌ಲ್ಯಾಂಡ್ ಕಡೆ ಇರುವ ಕನ್ನಡಿಗರು ಮೇ ಕೊನೆಯ ವಾರಾಂತ್ಯದಲ್ಲಿ ಎರಡು ಗಂಟೆ ಕಾರು ಓಡಿಸಿ ಡೆಶೂಟ್ಸ್ ದಡದ ಮೊಪಿನ್ ಊರಿಗೆ ಹೋದರೆ ನೋಡಬಹುದು. ಬೆಳಗಿನ ಚಳಿಯಲ್ಲಿ ಅವು ಮರಗಟ್ಟಿ ಕೂತಿರುತ್ತವೆ, ಕೈಗೆ ಹತ್ತಿಸಿಕೊಳ್ಳಬಹುದು, ಕಚ್ಚುವುದಿಲ್ಲ. ಬೂಟು, ಬಲೆ ಒಣಗಿಸದೆ ಇನ್ನೊಂದು ನದಿಗೆ ಇಳಿಯಬೇಡಿ; ನ್ಯೂಜಿಲೆಂಡ್ ಮಡ್‌ಸ್ನೇಲ್ ಎಂಬ ಬಸವನಹುಳುವಿನಂಥ ಹೊರಗಿನ ಜೀವಿಗಳು ಹರಡುವ ದಾರಿಗಳಲ್ಲಿ ಅದೂ ಒಂದು.

ಎಲ್ಲಿಂದ ಹೋಯಿತು, ತರುವುದು ಹೇಗೆ

ಯೂಟಾದ ಲೋಗನ್ ನದಿಯಲ್ಲಿ 1960ರ ದಶಕದವರೆಗೆ ಈ ಹುಳು ಸಿಗುತ್ತಿತ್ತು, ಆಮೇಲೆ ಇಲ್ಲವಾಯಿತು. ಕೊಲರಾಡೋ ನದಿಯ ಮೇಲ್ಭಾಗದಲ್ಲಿ 1985ರಲ್ಲಿ ವಿಂಡಿ ಗ್ಯಾಪ್ ಜಲಾಶಯ ಬಂದ ಮೇಲೆ ಅದರ ಕೆಳಗಿನ ಹರಿವಿನಲ್ಲಿ ಸಾಲ್ಮನ್‌ಫ್ಲೈ ತೀವ್ರವಾಗಿ ಕುಸಿಯಿತು. ಅಣೆಕಟ್ಟು ಇಂಥ ಹುಳುವನ್ನು ಕೊಲ್ಲುವ ಬಗೆ ಒಂದೆರಡಲ್ಲ. ವಸಂತದ ಹಿಮ ಕರಗಿದ ಪ್ರವಾಹ ತಡೆಯಲ್ಪಟ್ಟರೆ ತಳದ ಕಲ್ಲು ಉರುಳುವುದಿಲ್ಲ, ಸಂದಿನ ಹೂಳು ತೊಳೆದು ಹೋಗುವುದಿಲ್ಲ. ಆಳದ ಜಲಾಶಯದ ತಳದಿಂದ ಬಿಟ್ಟ ನೀರು ಬೇಸಗೆಯಲ್ಲಿ ಅತಿ ತಂಪು, ಚಳಿಗಾಲದಲ್ಲಿ ಇರಬೇಕಾದದ್ದಕ್ಕಿಂತ ಬೆಚ್ಚಗೆ. ಆಳವಿಲ್ಲದ ಜಲಾಶಯದ ಮೇಲ್ಪದರದಿಂದ ಬಿಟ್ಟದ್ದು ಬೇಸಗೆಯಲ್ಲಿ ಅತಿ ಬಿಸಿ. ಎರಡೂ ಸಂದರ್ಭದಲ್ಲಿ ಹೊರಬರುವ ಕಾಲದ ಸೂಚನೆ ತಪ್ಪುತ್ತದೆ. ವಿಂಡಿ ಗ್ಯಾಪ್‌ನಲ್ಲಿ ಈಗ ಜಲಾಶಯವನ್ನು ಬಳಸಿಕೊಂಡು ಹೋಗುವ ಹೊಸ ನದಿಪಾತ್ರ ತೋಡಿದ್ದಾರೆ. 2023ರಲ್ಲಿ ಅದರಲ್ಲಿ ನೀರು ಹರಿಯತೊಡಗಿತು. ಮೀನು, ಹೂಳು, ಕೀಟ ಎಲ್ಲವೂ ಮತ್ತೆ ಕೆಳಗೆ ಸಾಗಲು ದಾರಿ ಸಿಕ್ಕಿದೆ.

ಪಕ್ಕದ ಕಣಿವೆಯಿಂದ ತಾವಾಗಿ ಹಾರಿ ಬಾರದ ಕಾರಣ, ಪೂರ್ತಿ ಅಳಿದ ನದಿಗೆ ಮರಿಗಳನ್ನು ಹೊತ್ತು ತಂದು ಬಿಡಬೇಕಾಗುತ್ತದೆ. ಇದರಲ್ಲಿ ಸಾಗಣೆ ಮೊದಲ ತೊಡಕು: ನೀರು ತಂಪಾಗಿರಬೇಕು, ಗಾಳಿ ಊದುತ್ತಿರಬೇಕು, ಹಿಡಿದುಕೊಳ್ಳಲು ಕಲ್ಲೋ ಬಲೆಯ ತುಂಡೋ ಇರಬೇಕು; ಇಲ್ಲದಿದ್ದರೆ ಒಂದನ್ನೊಂದು ತಬ್ಬಿ ಉಂಡೆಯಾಗಿ ನಡುವಿನವು ಉಸಿರುಗಟ್ಟುತ್ತವೆ. ಎರಡನೆಯದು, ಹಿಡಿಯಲು ಸುಲಭ ಎಂದು ಕೊನೆಯ ಹಂತದ ದೊಡ್ಡ ಮರಿಗಳನ್ನಷ್ಟೇ ಒಂದು ವರ್ಷ ತಂದು ಬಿಟ್ಟರೆ ನದಿಯಲ್ಲಿ ಇರುವುದು ಒಂದೇ ಪೀಳಿಗೆ. ಅವು ಆ ವರ್ಷವೇ ಹಾರಿ ಮೊಟ್ಟೆ ಇಡುತ್ತವೆ, ಮುಂದಿನ ಎರಡು ಮೂರು ವರ್ಷ ದಡದಲ್ಲಿ ಏನೂ ಕಾಣುವುದಿಲ್ಲ, ಆ ನಡುವೆ ಒಂದು ಕೆಟ್ಟ ವರ್ಷ ಬಂದರೆ ಎಲ್ಲ ಮುಗಿಯಿತು. ಆದ್ದರಿಂದ ಬೇರೆ ಬೇರೆ ಗಾತ್ರದ ಮರಿಗಳನ್ನು, ಕನಿಷ್ಠ ಮೂರು ನಾಲ್ಕು ವರ್ಷ ಸತತವಾಗಿ ಬಿಡಬೇಕು.

ಫಲಿತಾಂಶ ಎಣಿಸುವುದು ಹೊರಬಂದ ಹುಳುಗಳು ದಡದಲ್ಲಿ ಕಳಚಿಟ್ಟ ಪೊರೆಗಳಲ್ಲಿ. ದಡದ ನಿಗದಿತ ಉದ್ದ ಗುರುತಿಸಿ, ಹೊರಹೊಮ್ಮುವಿಕೆ ಶುರುವಾದಾಗಿನಿಂದ ಮುಗಿಯುವವರೆಗೆ ಸಿಕ್ಕ ಪೊರೆಗಳನ್ನೆಲ್ಲ ಕಿತ್ತು ಎಣಿಸುತ್ತಾರೆ. ಮೊದಲ ಹುಡುಕಾಟದಲ್ಲಿ ಎಲ್ಲವೂ ಸಿಗುವುದಿಲ್ಲ. ಅದೇ ಜಾಗವನ್ನು ಎರಡನೇ ಮೂರನೇ ಬಾರಿ ಹುಡುಕಿ, ಪ್ರತಿ ಸುತ್ತಿಗೆ ಸಂಖ್ಯೆ ಇಳಿದ ಪ್ರಮಾಣದಿಂದ ಒಟ್ಟು ಎಷ್ಟಿದ್ದವು ಎಂದು ಅಂದಾಜಿಸುವುದು ಸರಿಯಾದ ಕ್ರಮ. ಜೋರು ಮಳೆ ಬಂದರೆ ಪೊರೆ ಕೊಚ್ಚಿಹೋಗಿ ಲೆಕ್ಕ ಕೆಡುತ್ತದೆ. ಮರಿ ಬಿಡುತ್ತಿರುವ ವರ್ಷಗಳಲ್ಲಿ ಸಿಗುವ ಪೊರೆಯಿಂದ ಏನೂ ಸಾಬೀತಾಗುವುದಿಲ್ಲ, ಅವು ತಂದು ಬಿಟ್ಟ ಮರಿಗಳದ್ದೇ ಇರಬಹುದು. ಬಿಡುವುದನ್ನು ನಿಲ್ಲಿಸಿ, ಎಲ್ಲಕ್ಕಿಂತ ಎಳೆಯ ಮರಿಯೂ ಹಾರಿಹೋಗುವಷ್ಟು ವರ್ಷ ಕಳೆದ ಮೇಲೆ ಸಿಗುವ ಪೊರೆ ಆ ನದಿಯಲ್ಲೇ ಮೊಟ್ಟೆಯೊಡೆದು ಬೆಳೆದ ಹುಳುವಿನದು. ಹೀಗೆ ನೋಡಿದರೆ ಒಂದು ಮರುಪರಿಚಯದ ಯೋಜನೆ ಫಲಿಸಿತೇ ಇಲ್ಲವೇ ಎಂದು ಹೇಳಲು ಎಂಟು ಹತ್ತು ವರ್ಷ ಹಿಡಿಯುತ್ತದೆ. ಎರಡು ಮೂರು ವರ್ಷಕ್ಕೆ ಅನುದಾನ ಕೊಟ್ಟು ವರದಿ ಕೇಳುವ ಪದ್ಧತಿ ಈ ಹುಳುವಿನ ಆಯುಷ್ಯಕ್ಕೆ ಹೊಂದುವುದಿಲ್ಲ.